ಎಸ್‌ಎಸ್‌ಡಿಯ ಹಣೆ

ಹೊಟ್ಟೆಕಿಚ್ಚಿಗೆ ಕಿವಿ ಬಹಳ ಚುರುಕು. ಮಗಳು ಕಾಲೇಜಿನಿಂದ ಬಂದು, ಚಪ್ಪಲಿ ಬಿಟ್ಟು, ನೇರ ಒಳಗೆ ಬರುತ್ತಾಳೋ ಇಲ್ಲಾ ಬಾಗಿಲಲ್ಲೇ ಎಡಕ್ಕೆ ತಿರುಗಿ ಬ್ಯಾಗಿನ ಸಮೇತ ಮಹಡಿ ಮೆಟ್ಟಿಲು ಹತ್ತುತ್ತಾಳೋ ಎಂಬುದನ್ನು ನಾನು ಅಡುಗೆಮನೆಯಲ್ಲಿ ಒಗ್ಗರಣೆ ಸಿಡಿಯುತ್ತಿದ್ದರೂ ಕೇಳಿಸಿಕೊಳ್ಳಬಲ್ಲೆ. ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅವಳು ದಿನಾ ಎಡಕ್ಕೇ ತಿರುಗುತ್ತಿದ್ದಳು.

ಮಹಡಿಯ ಮೇಲಿರುವುದು ನನ್ನ ಓರಗಿತ್ತಿ, ಎಂದರೆ ಮೈದುನನ ಹೆಂಡತಿ. ಕೆಳಗೆ ನಾನು, ನಮ್ಮ ಯಜಮಾನರು, ಮಗಳು, ಅತ್ತೆ. ಚಾಮರಾಜಪೇಟೆಯ ಹಳೇ ಮನೆ. ಮಾವನವರು ಇದ್ದಾಗ ಒಂದೇ ಒಲೆ, ಈಗ ಎರಡು. ಒಲೆ ಎರಡಾದರೂ ಮನಸ್ಸು ಒಂದೇ ಎಂದು ಅತ್ತೆ ಬಂದವರ ಮುಂದೆ ಹೇಳುತ್ತಾರೆ. ನಾನು ತಲೆಯಾಡಿಸುತ್ತೇನೆ.

ಮಗಳು ಓದುತ್ತಿರುವುದು ಆರ್ಕಿಟೆಕ್ಚರ್. ಅವಳ ಕೆಲಸವೆಲ್ಲ ಪರದೆಯ ಮೇಲೆ. ಗೋಡೆ ಎಬ್ಬಿಸುವುದು, ಕಿಟಕಿ ಕೊರೆಯುವುದು, ಮೆಟ್ಟಿಲು ಇಳಿಸುವುದು. ಕೆಳಗೆ ಹಾಲ್‌ನ ಮೂಲೆಯಲ್ಲಿ ನಮ್ಮದೊಂದು ಕಂಪ್ಯೂಟರ್ ಇತ್ತು. ಅವಳು ಹೈಸ್ಕೂಲಿನಲ್ಲಿದ್ದಾಗ ನಾನು ನನ್ನ ಸಂಬಳದಲ್ಲಿ ಜೋಡಿಸಿಕೊಂಡು ತಂದದ್ದು. ಈಗ ಅದಕ್ಕೆ ವಯಸ್ಸಾಗಿತ್ತು. ಗುಂಡಿ ಒತ್ತಿದರೆ ಒಳಗಿನ ಹಾರ್ಡ್ ಡಿಸ್ಕ್ ಇಲಿ ಕಡಿದ ಹಾಗೆ ಕರಕರ ಅನ್ನುತ್ತಿತ್ತು. ನಾನು ಹಾಲು ಕಾಯಿಸಿ, ಡಿಕಾಕ್ಷನ್ ಇಳಿಸಿ, ಕಾಫಿ ಬೆರೆಸಿ ತಂದರೂ ಪರದೆಯ ಮೇಲೆ ಚುಕ್ಕಿಗಳು ಸುತ್ತುತ್ತಲೇ ಇರುತ್ತಿದ್ದವು. ಆಮೇಲೆ ಅವಳ ನಕ್ಷೆಯ ಫೈಲು ತೆರೆಯಲು ಹೋದರೆ ಎಷ್ಟೋ ಸಲ ಅರ್ಧದಲ್ಲೇ ಉಸಿರು ಕಟ್ಟಿ ನಿಂತುಬಿಡುತ್ತಿತ್ತು. ಮೇಲೆ ಚಿಕ್ಕಮ್ಮನ ಲ್ಯಾಪ್‌ಟಾಪು ಮುಚ್ಚಳ ಎತ್ತುವಷ್ಟರಲ್ಲಿ ಎದ್ದು ಕೂತಿರುತ್ತಿತ್ತಂತೆ. 'ಅಂತೆ' ಯಾಕೆಂದರೆ ನಾನು ಹತ್ತಿ ಹೋಗಿ ನೋಡಿದವಳಲ್ಲ.

"ಕೆಳಗೆ ಆಗಲ್ಲಮ್ಮ, ಮೇಲೆ ಆಗತ್ತೆ," ಎಂದು ಒಂದು ಸಂಜೆ ಮೆಟ್ಟಿಲ ಮೇಲೆ ನಿಂತೇ ಹೇಳಿದಳು. ಅವಳು ಹೇಳಿದ್ದು ಫೈಲಿನ ಮಾತು. ನನಗೆ ಕೇಳಿಸಿದ್ದು ಬೇರೆ.

ಊಟಕ್ಕೆ ಇಳಿದು ಬರುವ ಹೊತ್ತಿಗೆ ಅವಳ ಹೊಟ್ಟೆ ಅರ್ಧ ತುಂಬಿರುತ್ತಿತ್ತು, ಮಾತಂತೂ ಪೂರ್ತಿ ಖಾಲಿ. ಏನು ಮಾಡಿದೆ ಇವತ್ತು ಎಂದರೆ ಅದೇ ಅಮ್ಮ ಅನ್ನುತ್ತಿದ್ದಳು. ಆ 'ಅದೇ' ಮೇಲೆ ಹೇಗೆ ನಗುವಾಗುತ್ತಿತ್ತೋ ನನಗೆ ತಿಳಿಯದು. ಸೂರಿನ ಮೂಲಕ ನಗು ಮಾತ್ರ ಕೆಳಗೆ ಇಳಿಯುತ್ತಿತ್ತು. ಅತ್ತೆ ಜಪಮಣಿ ಹಿಡಿದು ಮೇಲೆ ನೋಡಿ, ಮಗು ಖುಷಿಯಾಗಿದೆ ಎಂದು ತಾವೂ ನಗುತ್ತಿದ್ದರು. ನನಗೆ ಆಗ ಹುಳಿಗೆ ಉಪ್ಪು ಹಾಕಿದೆನೋ ಇಲ್ಲವೋ ಮರೆತುಹೋಗುತ್ತಿತ್ತು.

ಇದು ಯಾಕೆ ಇಷ್ಟು ಚುಚ್ಚಿತು ಎಂದು ತಿಳಿಯಬೇಕಾದರೆ ನಾನು ಈ ಮನೆಗೆ ಬಂದ ಬಗೆ ಹೇಳಬೇಕು. ನಮ್ಮ ಮನೆತನದಲ್ಲಿ ಡಿಗ್ರಿ ಪಡೆದ ಮೊದಲನೆಯವಳು ನಾನು. ಹೆಣ್ಣುಮಕ್ಕಳಲ್ಲಿ ಮೊದಲನೆಯವಳಲ್ಲ, ಒಟ್ಟಿನಲ್ಲೇ ಮೊದಲನೆಯವಳು. ನಮ್ಮಪ್ಪ ತರಗುಪೇಟೆಯ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ. ಬಿ.ಎಸ್ಸಿ. ಪ್ರಾಕ್ಟಿಕಲ್ ರೆಕಾರ್ಡಿನ ಚಿತ್ರಗಳನ್ನು ನಾನು ಮಂಡಿಯ ಜಗಲಿಯ ಮೇಲೆ, ಖಾಲಿ ಗೋಣಿಚೀಲದ ಅಟ್ಟಿಗೆ ಒರಗಿಕೊಂಡು ಬಿಡಿಸಿದವಳು. ಮನೆಯಲ್ಲಿ ಅಷ್ಟು ಬೆಳಕಿರಲಿಲ್ಲ. ಅದೇ ಪೇಟೆಯಲ್ಲಿ ಬೇಳೆ ಅಂಗಡಿ ಇಟ್ಟಿದ್ದ ಮನೆಯವರು ನನ್ನನ್ನು ಕೇಳಿಕೊಂಡು ಬಂದಾಗ ನಮ್ಮಮ್ಮ ನಂಬಲೇ ಇಲ್ಲ. ಜಾತಿ ಒಂದೇ, ಕೊರಳಲ್ಲಿ ಕಟ್ಟಿದ ಲಿಂಗ ಒಂದೇ, ಆದರೂ ಮೂಟೆ ಹೊರುವವನ ಮನೆಗೂ ಮೂಟೆ ಮಾರುವವನ ಮನೆಗೂ ನಡುವೆ ಇದ್ದ ಬೀದಿ ಬಹಳ ಅಗಲ. ಅವರು ನೋಡಿದ್ದು ಬಣ್ಣವಲ್ಲ, ಬಂಗಾರವಂತೂ ಅಲ್ಲ. ಓದಿದ ಸೊಸೆ ಬೇಕಾಗಿತ್ತು. ನನ್ನ ಡಿಗ್ರಿಯೇ ನಾನು ತಂದ ಒಡವೆ.

ಅದನ್ನು ನಾನು ಚೆನ್ನಾಗಿ ಮೆರೆಸಿದೆ, ಸುಳ್ಳು ಯಾಕೆ ಹೇಳಲಿ. ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರಾದೆ. ಮನೆಯಲ್ಲಿ ಕರೆಂಟ್ ಬಿಲ್ಲು ಜಾಸ್ತಿ ಬಂದರೆ, ಮಾವನವರ ರಕ್ತಪರೀಕ್ಷೆಯ ರಿಪೋರ್ಟು ಬಂದರೆ, ಹೊಸ ಮಿಕ್ಸಿ ಜೊತೆ ಬಂದ ಪುಸ್ತಕ ಬಿಡಿಸಬೇಕಾದರೆ, ಎಲ್ಲದಕ್ಕೂ 'ಟೀಚರಮ್ಮನ್ನ ಕೇಳಿ' ಎನ್ನುವ ಮಾತೊಂದು ಹುಟ್ಟಿಕೊಂಡಿತ್ತು. ಅಂಗಡಿಯ ಆಳುಗಳೂ ಹಾಗೇ ಅನ್ನುತ್ತಿದ್ದರು. ಸರ್ಟಿಫಿಕೇಟಿಗೆ ಚೌಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದವರು ಮಾವನವರೇ.

ಆಮೇಲೆ ಓರಗಿತ್ತಿ ಬಂದಳು. ಮಲ್ಲೇಶ್ವರದ ಹುಡುಗಿ, ಇಂಜಿನಿಯರು. ಅವಳಪ್ಪ ಇಂಜಿನಿಯರು, ತಾತ ಹೆಡ್ಮಾಸ್ಟರು. ಅವರ ಮನೆಯಲ್ಲಿ ಡಿಗ್ರಿ ಅಂದರೆ ಬಾಗಿಲಿನ ತೋರಣ ಇದ್ದ ಹಾಗೆ, ಇರುತ್ತದೆ, ಯಾರೂ ತಲೆಯೆತ್ತಿ ನೋಡುವುದಿಲ್ಲ. ನಿನ್ನ ಸರ್ಟಿಫಿಕೇಟು ಎಲ್ಲಿದೆ, ಅದಕ್ಕೂ ಚೌಕಟ್ಟು ಹಾಕಿಸೋಣ ಎಂದು ಮಾವನವರು ಕೇಳಿದಾಗ, ಎಲ್ಲಿಟ್ಟಿದ್ದೇನೋ ನೋಡಬೇಕು ಮಾವ ಎಂದು ನಕ್ಕಳು. ಆ ನಗು ನನಗೆ ಈಗಲೂ ನೆನಪಿದೆ. ಬೇಕಂತ ನಕ್ಕದ್ದಲ್ಲ. ಅವಳು ಕೆಟ್ಟವಳು ಎಂದು ಹೇಳುವ ಹಾಗಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು. ಅಕ್ಕ ಅಕ್ಕ ಎನ್ನುತ್ತಾಳೆ, ತವರಿಗೆ ಹೋದರೆ ನನಗೂ ಹೂವು ತರುತ್ತಾಳೆ. ಆದರೆ ಅವಳು ಬಂದ ಕೆಲವೇ ತಿಂಗಳಿಗೆ 'ಟೀಚರಮ್ಮನ್ನ ಕೇಳಿ' ಹೋಗಿ 'ಮೇಲೆ ಕೇಳಣ' ಆಯಿತು. ಅತ್ತೆಯ ಮೊಬೈಲು ಕೈಕೊಟ್ಟರೂ ಮೇಲೆ. ಯಜಮಾನರ ಅಂಗಡಿಯ ಜಿಎಸ್‌ಟಿಯೂ ಮೇಲೆ. ಕೊನೆಗೆ ಮಗಳೂ ಮೇಲೆ.

ಶಾಲೆಯ ಕಂಪ್ಯೂಟರ್ ಟೀಚರು ಹೇಳಿದರು, ಹೊಸ ಕಂಪ್ಯೂಟರ್ ಬೇಡ ಮೇಡಂ, ಎಸ್‌ಎಸ್‌ಡಿ ಹಾಕಿ ಸಾಕು ಎಂದು. ಹಳೇ ಡಿಸ್ಕಿನ ಒಳಗೆ ತಟ್ಟೆ ತಿರುಗುತ್ತದೆ, ಆದ್ದರಿಂದ ನಿಧಾನ. ಇದರೊಳಗೆ ತಿರುಗುವುದು ಏನೂ ಇಲ್ಲ, ಬರೀ ಚಿಪ್‌ಗಳು. ಹಳೆಯದರಲ್ಲಿ ಇರುವುದನ್ನೆಲ್ಲ ಇದಕ್ಕೆ ಇಳಿಸಿದರೆ ಮುದಿ ಎತ್ತೂ ಹೋರಿಯ ಹಾಗೆ ಓಡುತ್ತದೆ. ಮನೆಗೆ ಬಂದು ಹೇಳಿದಾಗ ನಮ್ಮ ಯಜಮಾನರು ಪೇಪರಿನಿಂದ ತಲೆಯೆತ್ತದೆ, "ಮೇಲೆ ಹೇಳು, ಅವಳೇ ಹಾಕ್ಕೊಡ್ತಾಳೆ," ಎಂದರು.

"ಅವಳ್ಯಾಕೆ ಹಾಕ್ಕೊಡ್ಬೇಕು? ನಾನೇನು ಬಿ.ಎಸ್ಸಿ.ನಲ್ಲಿ ಫಿಸಿಕ್ಸ್ ಓದಿದ್ದು ಒಬ್ಬಟ್ಟು ತಟ್ಟೋಕಾ?"

ಪೇಪರು ಇನ್ನೂ ಸ್ವಲ್ಪ ಮೇಲೆ ಹೋಯಿತು. ಅವರ ಮುಖ ಕಾಣಲಿಲ್ಲ.

ಆ ಶನಿವಾರ ಶಾಲೆ ಬಿಟ್ಟಮೇಲೆ ಕಂಪ್ಯೂಟರ್ ಸಾಮಾನು ಸಿಗುವ ಎಸ್.ಪಿ. ರೋಡಿಗೆ ಹೋದೆ. ಸಿಪಿಯು ಡಬ್ಬ ಬಿಚ್ಚಿ ಮದರ್‌ಬೋರ್ಡಿನ ಫೋಟೋ ತೆಗೆದುಕೊಂಡೇ ಹೋಗಿದ್ದೆ. ಅಂಗಡಿಯವನು ಫೋಟೋ ದೊಡ್ಡದು ಮಾಡಿ ನೋಡಿ, ಇದರಲ್ಲಿ ಜಾಗ ಇದೆ ಮೇಡಂ, ಸಣ್ಣದೇ ಹಿಡಿಸುತ್ತೆ ಎಂದು ಒಂದು ಚೂರು ಕೊಟ್ಟ. ಚೂಯಿಂಗ್ ಗಮ್ಮಿನ ಪಟ್ಟಿಯಷ್ಟು ತೆಳ್ಳಗೆ, ಅಷ್ಟೇ ಉದ್ದ. ಒಂದು ತುದಿಯಲ್ಲಿ ಸಾಲಾಗಿ ಚಿನ್ನದ ಬಣ್ಣದ ಹಲ್ಲು. ಆ ಹಲ್ಲು ಬೋರ್ಡಿನ ಸಂದಿಯೊಳಗೆ ಕಚ್ಚಿಕೊಳ್ಳಬೇಕು, ಇನ್ನೊಂದು ತುದಿಗೆ ಸ್ಕ್ರೂ. ಇಷ್ಟೇನಾ ಅನ್ನಿಸಿತು. ಪರ್ಸಿನೊಳಗೆ ಇಟ್ಟುಕೊಂಡು, ಬಸ್ಸಿನುದ್ದಕ್ಕೂ ಪರ್ಸನ್ನು ಎದೆಗೊತ್ತಿಕೊಂಡು ಬಂದೆ. ಮಗಳು ಇನ್ನು ಬಾಗಿಲಲ್ಲಿ ಎಡಕ್ಕೆ ತಿರುಗುವುದಿಲ್ಲ.

ಶನಿವಾರ ಕಬ್ಬಿಣದ ಸಾಮಾನು ಮುಟ್ಟಬೇಡ, ಸೋಮವಾರ ಶಿವನ ವಾರ, ಅವತ್ತು ಹಾಕು ಎಂದರು ಅತ್ತೆ. ಕಬ್ಬಿಣ ಎಲ್ಲಿದೆ ಅದರಲ್ಲಿ ಎಂದು ವಾದಿಸಬಹುದಿತ್ತು. ಸೋಮವಾರದವರೆಗೆ ಕಾದೆ. ಸೋಮವಾರ ಸಂಜೆ ಪೆಟ್ಟಿಗೆಯಿಂದ ತೆಗೆದ ಕೂಡಲೇ ಕೈ ಚಾಚಿದರು.

"ಹೊಸಾ ಸಾಮಾನು, ಹಂಗೇ ಹಾಕ್ಬಿಡ್ತಾರೇನೇ? ತಾ ಇಲ್ಲಿ."

ನಮ್ಮ ಮನೆಯಲ್ಲಿ ವಿಭೂತಿ ಹಚ್ಚದೆ ಯಾವ ಹೊಸ ವಸ್ತುವೂ ಕೆಲಸಕ್ಕೆ ಇಳಿಯುವುದಿಲ್ಲ. ಸ್ಕೂಟರು, ಗ್ಯಾಸ್ ಒಲೆ, ಕುಕ್ಕರು, ಅಂಗಡಿಯ ತಕ್ಕಡಿ, ಎಲ್ಲದರ ಮೇಲೂ ಅತ್ತೆಯ ಮೂರು ಬೆರಳಿನ ಗೆರೆ ಬಿದ್ದಿದೆ. ಓರಗಿತ್ತಿ ಲ್ಯಾಪ್‌ಟಾಪು ಕೊಂಡು ತಂದಾಗಲೂ ಅತ್ತೆ ಬಟ್ಟಲು ಹಿಡಿದು ಹತ್ತಿದ್ದರು. ಅವಳು, ಅತ್ತೆ ಇದು ಬಹಳ ಸೂಕ್ಷ್ಮ, ಡಬ್ಬಕ್ಕೆ ಹಚ್ಚಿ ಎಂದು ನಯವಾಗಿ ರಟ್ಟಿನ ಡಬ್ಬ ಮುಂದೆ ಇಟ್ಟಳಂತೆ. ಅತ್ತೆ ಡಬ್ಬಕ್ಕೆ ಹಚ್ಚಿ ಇಳಿದು ಬಂದರು. ಬೇಜಾರಾಯಿತೋ ಇಲ್ಲವೋ ಹೇಳಲಿಲ್ಲ. ನಾನು ಮಾತ್ರ ಅದನ್ನು ಮನಸ್ಸಿನಲ್ಲಿ ಎತ್ತಿಟ್ಟುಕೊಂಡಿದ್ದೆ. ಆದ್ದರಿಂದ ನಾನು ಡಬ್ಬ ಕೊಡಲಿಲ್ಲ. ಚೂರನ್ನೇ ಅತ್ತೆಯ ಅಂಗೈ ಮೇಲೆ ಇಟ್ಟೆ. ಮೇಲಿನವಳು ಕೊಡದ್ದನ್ನು ನಾನು ಕೊಟ್ಟೆ ಅನ್ನುವ ಹಮ್ಮು.

ಅತ್ತೆ ವಿಭೂತಿ ಗಟ್ಟಿಯನ್ನು ನೀರಲ್ಲಿ ತೇಯ್ದು, ಮೂರು ಬೆರಳು ಅದ್ದಿ, ಬಾಯಲ್ಲಿ ಮಂತ್ರ ಹೇಳುತ್ತ ಎಳೆದರು. ಅಷ್ಟು ಸಣ್ಣ ಚೂರಿಗೆ ಮೂರು ಬೆರಳೆಂದರೆ ಉಳಿಯುವ ಜಾಗ ಎಷ್ಟು? ನಾನು ಕರ್ಪೂರ ತರಲು ದೇವರಮನೆಗೆ ಹೋಗಿ ಬರುವುದರಲ್ಲಿ ಕುಂಕುಮದ ಬೊಟ್ಟೂ ಬಿದ್ದಿತ್ತು. ಚಿನ್ನದ ಹಲ್ಲಿನ ಮೇಲೆ ಸ್ವಲ್ಪ ಬಿಳಿ ಹತ್ತಿದ್ದು ಕಂಡು ಸೆರಗಿನಿಂದ ಒರೆಸಿದೆ. ಫ್ಯಾನಿನ ಕೆಳಗೆ ಆರಲು ಬಿಟ್ಟೆ. ಮಂಗಳಾರತಿ ಆಯಿತು.

ಆಮೇಲೆ ಸಿಪಿಯುವನ್ನು ಚಾಪೆಯ ಮೇಲೆ ಮಲಗಿಸಿ, ಅದರ ಪಕ್ಕದ ಮುಚ್ಚಳ ತೆಗೆದು, ಚೂರನ್ನು ಓರೆಯಾಗಿ ಸಂದಿಗೆ ತೂರಿಸಿ ಒತ್ತಿ ಮಲಗಿಸಿದೆ. ಸ್ಕ್ರೂ ಸಾಸಿವೆ ಕಾಳಿಗಿಂತ ಚೂರು ದೊಡ್ಡದು, ಬೆರಳಲ್ಲಿ ನಿಲ್ಲುವುದಿಲ್ಲ, ಎರಡು ಸಲ ಒಳಗೆ ಉದುರಿತು. ಕೊನೆಗೆ ಹಣೆಯ ಸ್ಟಿಕ್ಕರ್ ಬೊಟ್ಟು ಕಿತ್ತು ಸ್ಕ್ರೂಡ್ರೈವರಿನ ತುದಿಗೆ ಅಂಟಿಸಿ, ಆ ಅಂಟಿಗೆ ಸ್ಕ್ರೂ ಕೂರಿಸಿ ತಿರುಗಿಸಿದೆ. ಕೂತಿತು. ಯಾವ ಇಂಜಿನಿಯರಿಂಗ್ ಕಾಲೇಜಿನಲ್ಲೂ ಇದನ್ನು ಹೇಳಿಕೊಡುವುದಿಲ್ಲ ಎಂದು ನನ್ನಷ್ಟಕ್ಕೆ ಅಂದುಕೊಂಡೆ.

ಗುಂಡಿ ಒತ್ತಿದೆ. ಏಳುವ ಮೊದಲೇ ಒಳಹೊಕ್ಕು ನೋಡುವ ಒಂದು ನೀಲಿ ಪರದೆ ಇದೆ, ಬಯಾಸ್ ಅನ್ನುತ್ತಾರೆ. ಕಂಪ್ಯೂಟರಿಗೆ ಏನೇನು ಜೋಡಿಸಿದೆಯೋ ಅದೆಲ್ಲದರ ಹೆಸರು ಅಲ್ಲಿ ಬರಬೇಕು. ಹಳೇ ಡಿಸ್ಕಿನ ಹೆಸರು ಬಂತು. ಹೊಸದರ ಹೆಸರು ಇಲ್ಲ. ಆರಿಸಿ ಹಚ್ಚಿದೆ. ಇಲ್ಲ. ಸ್ಕ್ರೂ ಸಡಿಲಿಸಿ, ಚೂರನ್ನು ಇನ್ನೂ ಒಳಕ್ಕೆ ಒತ್ತಿ, ಮತ್ತೆ ಬಿಗಿದೆ. ಇಲ್ಲ.

ಆ ವಾರವೆಲ್ಲ ಶಾಲೆಯಿಂದ ಬಂದವಳೇ ನೀಲಿ ಪರದೆಯ ಮುಂದೆ ಕೂರುತ್ತಿದ್ದೆ. ಮೊಬೈಲಿನಲ್ಲಿ ಯಾರ್ಯಾರೋ ಮಾಡಿ ಹಾಕಿದ ವಿಡಿಯೋ ನೋಡುವುದು, ಅವರು ಹೇಳಿದ ಆಯ್ಕೆ ಬದಲಾಯಿಸುವುದು, ಆರಿಸುವುದು, ಹಚ್ಚುವುದು. ಒಬ್ಬ ಇಂಥ ಚೂರಿನಲ್ಲಿ ಎರಡು ಜಾತಿ ಇವೆ, ಒಂದರ ಸಂದಿಯಲ್ಲಿ ಇನ್ನೊಂದು ಕೂತರೂ ಕೆಲಸ ಮಾಡದು ಅಂದ. ಬೋರ್ಡಿನ ನಂಬರು ಹುಡುಕಿ ಓದಿದೆ, ಜಾತಿ ಸರಿಯಾಗಿಯೇ ಇತ್ತು. ಇನ್ನೊಬ್ಬ, ಹೊಸ ಡ್ರೈವು ಮೊದಲಿಗೆ ವಿಂಡೋಸಿನಲ್ಲಿ ಕಾಣುವುದೇ ಇಲ್ಲ, ಒಳಗೆ ಹೋಗಿ ಎಬ್ಬಿಸಬೇಕು ಅಂದ. ಒಳಗೆ ಹೋದೆ. ಎಬ್ಬಿಸಲು ಅಲ್ಲಿ ಯಾರೂ ಮಲಗಿರಲಿಲ್ಲ.

ಮೇಲಿನವರಿಗೆ ಸುದ್ದಿ ಹೋಗಬಾರದು ಎಂದು ಮಗಳಿಗೆ ಹೇಳಿದ್ದೆ. ಹೇಳಿದ್ದೇ ದಡ್ಡತನ. ಭಾನುವಾರ ತಿಂಡಿಯಾದ ಮೇಲೆ ಓರಗಿತ್ತಿ ಕೈಯಲ್ಲಿ ಪೆನ್‌ಡ್ರೈವ್ ಹಿಡಿದು ಇಳಿದು ಬಂದಳು. ಹಿಂದೆ ಮಗಳು.

"ಅಕ್ಕ, ನನಗೊಂದು ಮಾತು ಹೇಳ್ಬಾರ್ದಿತ್ತಾ?"

"ನಿನಗೆ ನಿನ್ನ ಆಫೀಸಿಂದೇ ಸಾಕಷ್ಟಿರತ್ತೆ," ಎಂದೆ.

ಅವಳು ಟಾರ್ಚು ಹಾಕಿ ಬಗ್ಗಿ ನೋಡಿದಳು. ಅತ್ತೆ ಹಾಲ್‌ನಲ್ಲೇ ಮೊರದ ಮುಂದೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಚೂರಿನ ಮೇಲಿನ ವಿಭೂತಿ ಗೆರೆ, ಕುಂಕುಮ ಕಂಡು ಓರಗಿತ್ತಿಯ ತುಟಿಯ ಕೊನೆ ಅಲ್ಲಾಡಿತು. ಸರಿಯಾಗಿಯೇ ಕೂರಿಸಿದ್ದೀರಿ ಅಕ್ಕ ಎಂದಳು. ಆಮೇಲೆ, ಬೋರ್ಡು ಹಳೇದಾದ್ದರಿಂದ ಅದಕ್ಕೆ ಹೊಸದರ ಗುರುತು ಸಿಗುತ್ತಿಲ್ಲ, ಬಯಾಸನ್ನೇ ಹೊಸದು ಮಾಡಿದರೆ ಸರಿಹೋಗಬಹುದು ಎಂದು ಮಗಳಿಗೆ ವಿವರಿಸಿದಳು. ನನಗಲ್ಲ, ಮಗಳಿಗೆ. 'ಹಳೇದು' ಎಂಬ ಮಾತನ್ನು ಅವಳು ಬೋರ್ಡಿನ ಬಗ್ಗೆ ಹೇಳಿದ್ದು ನಿಜ. ನನ್ನ ಕುರ್ಚಿಯಲ್ಲಿ ಅವಳು ಕೂತಿದ್ದಳು, ಮಗಳು ಅವಳ ಭುಜದ ಮೇಲೆ ಗಲ್ಲ ಊರಿದ್ದಳು. ನನ್ನ ಭುಜದ ಮೇಲೆ ಅವಳು ಗಲ್ಲ ಊರಿ ಎಷ್ಟು ಕಾಲವಾಗಿತ್ತೋ. ನಾನು ನಿಂತುಕೊಂಡು ನೋಡುತ್ತಿದ್ದೆ. ಆಗಿಬಿಟ್ಟರೆ ಎನ್ನುವ ಭಯ ನನಗೆ. ನನ್ನ ದುಡ್ಡಿನ ಸಾಮಾನು, ನನ್ನ ಮಗಳಿಗಾಗಿ ತಂದದ್ದು, ಅದು ಕೆಲಸ ಮಾಡಬಾರದು ಎಂದು ನಾನೇ ಹರಸಿಕೊಳ್ಳುತ್ತಿದ್ದೆ. ಅವಳ ಕೈಯಲ್ಲಿ ಮಾತ್ರ ಬೇಡ.

ಆಗಲಿಲ್ಲ. ಬಯಾಸ್ ಹೊಸದಾಯಿತು, ಪರದೆಯ ಬಣ್ಣವೂ ಬೇರೆಯಾಯಿತು, ಪಟ್ಟಿಯಲ್ಲಿ ಹೊಸ ಹೆಸರು ಮಾತ್ರ ಇಲ್ಲ. ಅವಳು ಮತ್ತೂ ಒಂದೆರಡು ಕಡೆ ಒತ್ತಿ ನೋಡಿ ಕೈ ಚೆಲ್ಲಿದಳು. "ಪೀಸೇ ಡೆಡ್ ಇರ್ಬೇಕು ಅಕ್ಕ. ವಾಪಸ್ ಕೊಟ್ಬಿಡಿ."

ನನ್ನೊಳಗೆ ಒಂದು ತಂಪು ಇಳಿಯಿತು. ಅವಳಿಗೂ ಆಗಲಿಲ್ಲವಲ್ಲ. ಆ ಖುಷಿಯಲ್ಲೇ, ವಾಪಸು ಕೊಡಲು ಡಬ್ಬಕ್ಕೆ ಹಾಕೋಣ ಎಂದು ಸ್ಕ್ರೂ ಬಿಚ್ಚಿ ಚೂರನ್ನು ಹೊರಗೆಳೆದೆ. ಅಂಗೈ ಮೇಲೆ ಮಗುಚಿ ಬಿತ್ತು. ಹಿಂಭಾಗ ಮೇಲಾಯಿತು.

ಹಲ್ಲುಗಳಿರುವುದು ಒಂದೇ ಕಡೆ ಎಂದುಕೊಂಡಿದ್ದೆ. ಎರಡೂ ಕಡೆ ಇದ್ದವು. ಹಿಂಭಾಗದ ಹಲ್ಲಿನ ಮೇಲೆ ಅಡ್ಡಲಾಗಿ, ಗೋಡೆಗೆ ಸುಣ್ಣ ಹೊಡೆದ ಹಾಗೆ ಒಂದು ದಪ್ಪ ಬಿಳಿ ಪಟ್ಟೆ ಒಣಗಿ ಕೂತಿತ್ತು. ನಾನು ಕರ್ಪೂರ ತರಲು ಹೋದಾಗ ಅತ್ತೆ ತಿರುಗಿಸಿ ಆ ಕಡೆಯೂ ಹಚ್ಚಿದ್ದರು. ಬ್ಯಾಟರಿಗೂ ಬಲ್ಬಿಗೂ ನಡುವೆ ಸೀಮೆಸುಣ್ಣದ ಚೂರು ಇಟ್ಟರೆ ಬಲ್ಬು ಉರಿಯುವುದಿಲ್ಲ ಎಂದು ನಾನು ಪ್ರತಿ ವರ್ಷ ಮಕ್ಕಳಿಗೆ ಮಾಡಿ ತೋರಿಸುವವಳು.

"ಡೆಡ್ಡೂ ಅಲ್ಲ, ಬೋರ್ಡು ಹಳೇದೂ ಅಲ್ಲ," ಎಂದೆ. ದನಿ ಬೇಕಾದ್ದಕ್ಕಿಂತ ಜೋರಾಗಿತ್ತು. "ವಿಭೂತಿ."

ಹೇಳಿದ ಮೇಲೆ ಅತ್ತೆ ಅಲ್ಲೇ ಇದ್ದಾರೆ ಎಂಬುದು ತಲೆಗೆ ಬಂತು. ಓರಗಿತ್ತಿ ಅತ್ತೆಯ ಮುಖ ನೋಡಿದಳು, ನನ್ನ ಕೈ ನೋಡಿದಳು. ಇಲ್ಲ ಅಕ್ಕ, ಅಷ್ಟಕ್ಕೆಲ್ಲ ಏನೂ ಆಗಿರಲ್ಲ, ಬೇರೇನೋ ಇರಬೇಕು ಎಂದು ಅವಸರದಲ್ಲಿ ಮುಚ್ಚಲು ನೋಡಿದಳು. ನನಗೆ ಅದು ಇನ್ನೂ ಉರಿಯಿತು. ಗೆಲ್ಲುವುದು ನಾನು, ದೊಡ್ಡವಳಾಗುವುದು ಅವಳು.

ಅತ್ತೆ ಅವರೆಕಾಯಿ ಸಿಪ್ಪೆ ಕೆಳಗಿಟ್ಟರು. "ಹೂಂ ಕಣೇ, ಹಿಂದ್ಗಡೇನೂ ಹಚ್ದೆ. ನೀನು ನೋಡ್ಲಿಲ್ವಾ?"

"ಅಲ್ಲಿ ಹಚ್ಬಾರ್ದಿತ್ತು ಅತ್ತೆ."

"ವಿಭೂತಿ ಹಣೆಗೆ ಹಚ್ಚೋದು ಅಂತ ನಂಗೊತ್ತು. ಇದ್ರ ಹಣೆ ಯಾವ್ದು, ಬಾಯಿ ಯಾವ್ದು ಅಂತ ಓದಿದವಳು ನೀನು ಹೇಳ್ಬೇಕಿತ್ತು. ಬಾಯಿಗೆ ಬೂದಿ ಮೆತ್ತಿಸ್ಬಿಟ್ಟು ಮಾತಾಡ್ಲಿಲ್ಲ ಅಂದ್ರೆ, ಅದು ಹೆಂಗೆ ಮಾತಾಡತ್ತೆ ಪಾಪ?"

ಮೊದಲು ನಕ್ಕವಳು ಮಗಳು. ಆಮೇಲೆ ಓರಗಿತ್ತಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅತ್ತೆ ತಾವೂ ನಗುತ್ತ ಮತ್ತೆ ಮೊರಕ್ಕೆ ಬಗ್ಗಿದರು. ನಾನು ಎಲ್ಲರಿಗಿಂತ ಕೊನೆಗೆ ನಕ್ಕೆ.

ಉತ್ತರಪತ್ರಿಕೆ ತಿದ್ದುವಾಗ ಇಟ್ಟುಕೊಳ್ಳುವ ಪೆನ್ಸಿಲ್ ರಬ್ಬರು ತಂದು ಹಲ್ಲುಗಳನ್ನು ಎರಡೂ ಕಡೆ ಹಗುರವಾಗಿ ಉಜ್ಜಿದೆ. ಬಿಳಿ ಪುಡಿ ಉದುರಿ ಚಿನ್ನ ಬೆಳಗಿತು. ಬೋರ್ಡಿನ ಸಂದಿಯನ್ನು ಹೊಸ ಪೇಂಟಿಂಗ್ ಬ್ರಷ್ಷಿನಿಂದ ಗುಡಿಸಿ ಊದಿದೆ. ಮುಂಭಾಗದ ಗೆರೆ ಮತ್ತು ಕುಂಕುಮ ಹಾಗೇ ಇರಲಿ ಎಂದು ಬಿಟ್ಟೆ. ಕೂರಿಸಿ, ಬಿಗಿದು, ಗುಂಡಿ ಒತ್ತಿದೆ. ಪಟ್ಟಿಯಲ್ಲಿ ಹಳೆಯದರ ಕೆಳಗೆ ಹೊಸ ಹೆಸರು ಬಂದು ನಿಂತಿತ್ತು. ಎಸ್ಸೆಸ್ಸೆಲ್ಸಿ ರಿಸಲ್ಟಿನಲ್ಲಿ ನನ್ನ ನಂಬರು ಕಂಡಾಗ ಆದಷ್ಟೇ ಖುಷಿ ಆಯಿತು. ಇನ್ನು ಹಳೆಯದರಲ್ಲಿದ್ದುದನ್ನು ಇದಕ್ಕೆ ಇಳಿಸುವ ಕೆಲಸ. ನಾನು ಮಾಡಿಕೊಡಲಾ ಎಂದಳು ಓರಗಿತ್ತಿ. ಬೇಡ, ನೀನು ಹೋಗಿ ಊಟ ಮಾಡು ಎಂದೆ. ಮಧ್ಯಾಹ್ನವೆಲ್ಲ ಒಬ್ಬಳೇ ಕೂತು ಮುಗಿಸಿ, ಹಳೇ ಡಿಸ್ಕು ಬಿಚ್ಚಿಟ್ಟೆ. ಸಂಜೆಗೆ ಗುಂಡಿ ಒತ್ತಿ, ಅಡುಗೆಮನೆ ಕಡೆ ತಿರುಗುವಷ್ಟರಲ್ಲಿ ಕಂಪ್ಯೂಟರ್ ಎದ್ದಿತ್ತು. ಕರಕರ ಎಂಬ ಸದ್ದೂ ಇಲ್ಲ.

ಸೋಮವಾರ ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹೇಳಿದೆ. ಇಂಜಿನಿಯರು ಡೆಡ್ ಅಂದದ್ದನ್ನು ಟೀಚರಮ್ಮ ರಬ್ಬರಿನಲ್ಲಿ ಉಜ್ಜಿ ಎಬ್ಬಿಸಿದ ಕಥೆ. ಸ್ವಲ್ಪ ಉಪ್ಪು ಖಾರ ಸೇರಿಸಿಯೇ ಹೇಳಿದೆ. ಮನೆಗೆ ಬಂದು ಕಂಪ್ಯೂಟರನ್ನು ಮೊದಲೇ ಹಚ್ಚಿಟ್ಟು, ಮೇಜಿನ ಧೂಳು ಒರೆಸಿ, ಅವರೆಕಾಳು ಉಪ್ಪಿಟ್ಟು ಮಾಡಿ ಕಾದೆ. ಗೇಟಿನ ಸದ್ದಾಯಿತು. ಚಪ್ಪಲಿ ಬಿಟ್ಟ ಸದ್ದಾಯಿತು. ಆಮೇಲೆ ಮೆಟ್ಟಿಲ ಸದ್ದು. ಒಂದೊಂದೇ ಮೆಟ್ಟಿಲು ಮೇಲೆ ಹೋಯಿತು.

ಊಟಕ್ಕೆ ಇಳಿದು ಬಂದಾಗ ಕೇಳಿದೆ. ಕಂಪ್ಯೂಟರ್ ಸರಿಯಾಗಿದೆಯಲ್ಲ, ಇನ್ನೇನಾಗಬೇಕು ನಿನಗೆ ಎಂದೆ. ತಟ್ಟೆಯಲ್ಲಿ ಬೆರಳು ಆಡಿಸುತ್ತ, ತುಂಬ ಚೆನ್ನಾಗಿದೆ ಅಮ್ಮ, ನಿಜವಾಗ್ಲೂ ಎಂದಳು.

"ಮತ್ತೆ?"

"ನೀನು ಹಿಂದೆ ಬಂದು ನಿಂತ್ಕೋತೀಯ."

"ನಿಂತ್ರೇನು?"

"ಒಂದು ಗೆರೆ ಎಳೆದ್ರೆ ಯಾಕೆ ಅಂತೀಯ. ಅಳಿಸಿದ್ರೂ ಯಾಕೆ ಅಂತೀಯ. ಚಿಕ್ಕಮ್ಮ ಅವ್ರ ಕೆಲ್ಸ ಅವ್ರು ಮಾಡ್ಕೊಂಡು ಕೂತಿರ್ತಾರೆ. ಅಷ್ಟೇ ಅಮ್ಮ, ಬೇರೇನಿಲ್ಲ."

ನನಗೆ ಯಾರೂ ಹಿಂದೆ ಬಂದು ನಿಲ್ಲಲಿಲ್ಲ, ನಿಲ್ಲುವವರು ಇರುವುದು ನಿನ್ನ ಪುಣ್ಯ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಎಷ್ಟೋ ಸಲ ಹೇಳಿದ ಮಾತೇ. ಈ ಸಲ ಯಾಕೋ ಹೊರಡಲಿಲ್ಲ. ಅಪ್ಪ ಎರಡು ಲೋಡಿನ ನಡುವೆ ಬಿಡುವಾದಾಗ ನನ್ನ ಪಕ್ಕ ಬಂದು ಬೀದಿಗೆ ಮುಖ ಮಾಡಿ ಕೂರುತ್ತಿದ್ದ. ಕಡಲೆಕಾಯಿ ಸುಲಿದು ನನ್ನ ಕಡೆ ಸರಿಸುತ್ತಿದ್ದ. ಅವನಿಗೆ ಓದಲು ಬಾರದ್ದರಿಂದ ನನ್ನ ಪುಸ್ತಕ ನನ್ನದಾಗಿಯೇ ಉಳಿಯಿತು. ಅದನ್ನು ನಾನು ಇಷ್ಟು ದಿನ ಕೊರತೆಯ ಲೆಕ್ಕಕ್ಕೆ ಹಾಕಿದ್ದೆ. ಈಗ ಮಗಳು ನನ್ನಿಂದ ಕೇಳುತ್ತಿರುವುದು ಆ ಕೊರತೆಯನ್ನೇ. ಓದಿದವಳು ಓದು ಬಾರದವಳ ಹಾಗೆ ಕೂರುವುದು ಹೇಗೆ? ಓರಗಿತ್ತಿಗೆ ಅದೂ ಬರುತ್ತದೆ. ಅವಳಿಗೆ ಏನು ತಾನೇ ಬರುವುದಿಲ್ಲ.

ಆದರೂ ಮಾರನೆಯ ದಿನ ನನ್ನ ಕುರ್ಚಿಯನ್ನೂ ಉತ್ತರಪತ್ರಿಕೆಗಳ ಕಟ್ಟನ್ನೂ ಒಳಕೋಣೆಗೆ ಸಾಗಿಸಿದೆ. ಮಗಳಿಗೆ ತೋರಿಸಿ, ನಾನು ಇನ್ನು ಇಲ್ಲಿ ಕೂರುತ್ತೇನೆ, ಕರೆದರೆ ಮಾತ್ರ ಬರುತ್ತೇನೆ ಎಂದೆ. ನೋಡಣ ಎಂದಳು. ಎರಡು ದಿನ ಬಿಟ್ಟು ಒಂದು ಸಂಜೆ ಬಾಗಿಲಲ್ಲಿ ಎಡಕ್ಕೆ ತಿರುಗದೆ ಒಳಗೆ ಬಂದಳು. ಬ್ಯಾಗು ಇಳಿಸಿದಳು, ಕಂಪ್ಯೂಟರ್ ಹಚ್ಚಿದಳು. ನಾನು ಒಳಕೋಣೆಯಲ್ಲಿ ಬೆಳಕಿನ ವಕ್ರೀಭವನದ ಬಗ್ಗೆ ಮಕ್ಕಳು ಬರೆದದ್ದನ್ನು ತಿದ್ದುತ್ತಿದ್ದೆ. ಮೌಸಿನ ಟಿಕ್ ಟಿಕ್ ಕೇಳುತ್ತಿತ್ತು. ಹಳೇ ಡಿಸ್ಕಿನ ಗಲಾಟೆ ಇದ್ದಾಗ ಅಷ್ಟು ಸಣ್ಣ ಸದ್ದು ಕೇಳುತ್ತಿರಲಿಲ್ಲ. ನಡುವೆ ಸ್ವಲ್ಪ ಹೊತ್ತು ಟಿಕ್ ಟಿಕ್ ನಿಂತಿತು. ಯಾಕೆ ನಿಂತಿತು ಎಂದು ಕೇಳಬೇಕು ಅನ್ನಿಸಿತು. ಕೇಳಲಿಲ್ಲ.

ಆಗ ಅವಳು ಕರೆದಳು. ನನ್ನನ್ನಲ್ಲ. ಮೆಟ್ಟಿಲ ಬುಡಕ್ಕೆ ಹೋಗಿ ಮೇಲಕ್ಕೆ ಕೂಗಿದಳು, ಚಿಕ್ಕಮ್ಮ, ಒಂದ್ನಿಮಿಷ ಬರ್ತೀರಾ ಎಂದು.

ಓರಗಿತ್ತಿ ಇಳಿದು ಬಂದಳು. ನೇರ ಹಾಲ್‌ಗೆ ಹೋಗಬಹುದಿತ್ತು. ನನ್ನ ಕೋಣೆಯ ಬಾಗಿಲಲ್ಲಿ ನಿಂತು, "ಅಕ್ಕ, ಕರೀತಿದಾಳೆ. ಹೋಗ್ಲಾ?" ಎಂದಳು.

"ಕೇಳಿಸ್ತು. ಹೋಗು."

ಕಾಫಿ ಮಾಡಿ ಎರಡು ಲೋಟ ತೆಗೆದುಕೊಂಡು ಹೋದೆ. ಪರದೆ ನೋಡಬಾರದು ಎಂದುಕೊಂಡೇ ಹೋದರೂ ಲೋಟ ಇಡುವಾಗ ಕಣ್ಣು ಹೋಗಿಯೇ ಹೋಯಿತು. ಎರಡು ಅಂತಸ್ತಿನ ಮನೆಯೊಂದು ನಿಂತಿತ್ತು. ಒಂದು ಕಡೆ ಮೆಟ್ಟಿಲ ಸಾಲು ಹೋಗಿ ಹೋಗಿ ಬಾಗಿಲೇ ಇಲ್ಲದ ಗೋಡೆಗೆ ಮುಟ್ಟಿತ್ತು. ಅವರಿಬ್ಬರೂ ಕಿಟಕಿಯ ಬಗ್ಗೆ ಮಾತಾಡುತ್ತಿದ್ದರು. ಮೆಟ್ಟಿಲು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನನಗೆ ಬಿದ್ದಿತ್ತು. ಇಂಜಿನಿಯರಿಗೆ ಕಾಣದ್ದು ನನಗೆ ಕಂಡಿತ್ತು. ತುಟಿ ಬಿಗಿಹಿಡಿದು ಲೋಟ ಇಟ್ಟು ಒಳಗೆ ಬಂದು ಕೂತೆ.

ಸ್ವಲ್ಪ ಹೊತ್ತಾದ ಮೇಲೆ, ಅಯ್ಯೋ ಈ ಮೆಟ್ಟಿಲು ನೋಡಿ ಚಿಕ್ಕಮ್ಮ, ಹತ್ತಿ ಎಲ್ಲಿಗೆ ಹೋಗೋದು ಎಂದು ಮಗಳು ಅಂದದ್ದು ಕೇಳಿಸಿತು. ಇಬ್ಬರೂ ನಕ್ಕರು. ನಗು ಈ ಸಲ ಸೂರಿನಿಂದ ಇಳಿಯಲಿಲ್ಲ, ಗೋಡೆಯ ಆಚೆಯಿಂದ ಬಂತು. ನನ್ನ ಕೈಯ ಕೆಂಪು ಪೆನ್ನು ಉತ್ತರಪತ್ರಿಕೆಯನ್ನು ಎಷ್ಟು ಒತ್ತಿತ್ತೆಂದರೆ ಕಾಗದ ತೂತಾಯಿತು. ಯಾರ ಪತ್ರಿಕೆಯೋ ಪಾಪ. ತೂತಿನ ಪಕ್ಕದಲ್ಲಿ ಒಂದು ಮಾರ್ಕು ಜಾಸ್ತಿ ಹಾಕಿ, ಪುಟ ತಿರುಗಿಸಿದೆ.